ನೆಟ್ ನಿಲ್ಲಿಸುವ ದಾಳಿ: ಯಾದಗಿರಿ ಸೀಮೆಯ ವೈ-ಫೈ ಪೆಟ್ಟಿಗೆಗಳು ಎಷ್ಟು ಭದ್ರ?

2017ರ ಜುಲೈ ಕೊನೆಯ ವಾರ ಬಿಎಸ್‌ಎನ್‌ಎಲ್‌ನ ಕರ್ನಾಟಕ ವಲಯದಲ್ಲಿ ಸಾವಿರಾರು ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳು ಕೆಟ್ಟು ನಿಂತವು. ಲೈನು ಸರಿಯಿತ್ತು, ಬಿಲ್ ಕಟ್ಟಿತ್ತು, ನೆಟ್ ಮಾತ್ರ ಬರುತ್ತಿರಲಿಲ್ಲ. ದೇಶದ ಬೇರೆ ಭಾಗಗಳ ಬಿಎಸ್‌ಎನ್‌ಎಲ್ ಗ್ರಾಹಕರಿಗೂ ಎಂಟಿಎನ್‌ಎಲ್ ಗ್ರಾಹಕರಿಗೂ ಅದೇ ಗತಿಯಾಯಿತು. ಕೆಟ್ಟ ಮೋಡೆಮ್‌ಗಳು 60,000ಕ್ಕೂ ಹೆಚ್ಚು ಎಂಬ ಲೆಕ್ಕ ಸುದ್ದಿಯಲ್ಲಿ ಬಂತು. ಬಿಎಸ್‌ಎನ್‌ಎಲ್ ಅಧ್ಯಕ್ಷರು ಒಪ್ಪಿಕೊಂಡದ್ದು ಸುಮಾರು 2,000 ಮಾತ್ರ. ಸಂಖ್ಯೆಯ ಬಗ್ಗೆ ತಕರಾರಿತ್ತೇ ಹೊರತು ಕಾರಣದ ಬಗ್ಗೆ ಇರಲಿಲ್ಲ. ಆ ಮೋಡೆಮ್‌ಗಳ ಯೂಸರ್‌ನೇಮ್ 'ಅಡ್ಮಿನ್', ಪಾಸ್‌ವರ್ಡ್ ಕೂಡ 'ಅಡ್ಮಿನ್'. ಕಂಪನಿಯಿಂದ ಬಂದಾಗ ಹೇಗಿತ್ತೋ ಹಾಗೆಯೇ ಬಿಟ್ಟಿದ್ದರು. ಗ್ರಾಹಕರು ಪಾಸ್‌ವರ್ಡ್ ಬದಲಿಸಿಕೊಳ್ಳಬೇಕು ಎಂದು ಬಿಎಸ್‌ಎನ್‌ಎಲ್ ಆಮೇಲೆ ಪ್ರಕಟಣೆ ಹೊರಡಿಸಿತು.

ಒಳಹೊಕ್ಕದ್ದು ಬ್ರಿಕರ್‌ಬಾಟ್ ಎಂಬ ದುಷ್ಟ ತಂತ್ರಾಂಶ. ಅದೇ ವರ್ಷದ ಏಪ್ರಿಲ್‌ನಲ್ಲಿ ರ್‍ಯಾಡ್‌ವೇರ್ ಸಂಸ್ಥೆ ಅದನ್ನು ಗುರುತಿಸಿತ್ತು. ಅದು ಯಾರ ಬ್ಯಾಂಕ್ ಖಾತೆಗೂ ಕೈ ಹಾಕುವುದಿಲ್ಲ, ಯಾರ ಫೋಟೋವನ್ನೂ ಕದಿಯುವುದಿಲ್ಲ. ಉಪಕರಣದ ಒಳಗಿನ ಮೆಮೊರಿಯನ್ನು ಅಳಿಸಿ, ಅದನ್ನು ಇಟ್ಟಿಗೆಯಷ್ಟೇ ನಿರುಪಯುಕ್ತವಾಗಿಸಿ ಹೋಗುತ್ತದೆ. 'ಜಾನಿಟರ್' ಎಂಬ ಗುಪ್ತನಾಮದ ಅದರ ಕರ್ತೃ, ಭಾರತದ ದಾಳಿಯನ್ನು ತಾನೇ ಮಾಡಿದ್ದಾಗಿ ಹೇಳಿಕೊಂಡ. ಭದ್ರತೆಯಿಲ್ಲದ ಉಪಕರಣಗಳನ್ನು ಲೋಕದಿಂದ ಗುಡಿಸಿ ಹಾಕುವುದೇ ತನ್ನ ಉದ್ದೇಶ ಎಂಬುದು ಅವನ ವಾದ. ಡಿಸೆಂಬರ್‌ನಲ್ಲಿ ಒಂದು ಕೋಟಿಗೂ ಹೆಚ್ಚು ಉಪಕರಣ ಕೆಡಿಸಿದ್ದೇನೆಂದು ಹೇಳಿ ಕೆಲಸದಿಂದ ನಿವೃತ್ತಿ ಘೋಷಿಸಿದ. ಆ ವಾದವನ್ನು ನಾನು ಒಪ್ಪುವುದಿಲ್ಲ. ಮೋಡೆಮ್ ಸತ್ತರೆ ನಷ್ಟವಾಗುವುದು ಅದನ್ನು ತಯಾರಿಸಿದ ಕಂಪನಿಗಲ್ಲ, ಅದನ್ನು ನಂಬಿ ಅಂಗಡಿ ತೆರೆದವನಿಗೆ.

ಕಳ್ಳತನವಿಲ್ಲದೆ ಬರೀ ಸೇವೆಯನ್ನು ನಿಲ್ಲಿಸುವ ಈ ಬಗೆಯ ದಾಳಿಗೆ 'ಡಿನೈಯಲ್ ಆಫ್ ಸರ್ವಿಸ್' ಎಂದು ಹೆಸರು, ಚುಟುಕಾಗಿ ಡಿಒಎಸ್. ಬೆಂಗಳೂರಿನ ಸೈಬರ್ ಭದ್ರತೆಯ ಚರ್ಚೆಗಳಲ್ಲಿ ಇದಕ್ಕೆ ಕೊನೆಯ ಸಾಲಿನ ಜಾಗ. ಅಲ್ಲಿ ಎಲ್ಲರ ಚಿಂತೆ ಡೇಟಾ ಸೋರಿಕೆಯದು, ಹಣ ದೋಚುವವರದು. ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಕೂತು ನೋಡಿದರೆ ಲೆಕ್ಕ ತಿರುಗುತ್ತದೆ. ಇಲ್ಲಿನ ಬಡವರ ಹತ್ತಿರ ಕದಿಯುವಂಥ ಡೇಟಾ ಕಡಿಮೆ. ಆದರೆ ಅವರ ಅಕ್ಕಿ, ಕೂಲಿ, ಪಿಂಚಣಿ, ಪಹಣಿ ಎಲ್ಲವೂ ನೆಟ್ ಎಂಬ ಒಂದೇ ಎಳೆಗೆ ಜೋತುಬಿದ್ದಿವೆ. ಆ ಎಳೆ ಕಡಿದ ದಿನ ಅವರಿಗೆ ಒಂದು ದಿನದ ದುಡಿಮೆಯೇ ಹೋಗುತ್ತದೆ.

2009ರ ಡಿಸೆಂಬರ್ 30ರಂದು ಗುಲ್ಬರ್ಗಾದಿಂದ ಬೇರೆಯಾಗಿ ಜಿಲ್ಲೆಯಾದ ಊರು ಯಾದಗಿರಿ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 11.74 ಲಕ್ಷ, ಸಾಕ್ಷರತೆ ಶೇ 51.83. ಅದು ರಾಜ್ಯದಲ್ಲೇ ಕಡಿಮೆ. 2018ರಲ್ಲಿ ಕೇಂದ್ರ ಸರ್ಕಾರ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಪಟ್ಟಿ ಮಾಡಿದಾಗ ಕರ್ನಾಟಕದಿಂದ ಅದರಲ್ಲಿ ಸೇರಿದ್ದು ರಾಯಚೂರು ಮತ್ತು ಯಾದಗಿರಿ. ಬೇಸಿಗೆ ಬಂದರೆ ಬೆಂಗಳೂರಿಗೆ, ಪುಣೆಗೆ, ಮುಂಬೈಗೆ ಗುಳೆ ಹೋಗುವ ಕುಟುಂಬಗಳು ಇಂದಿಗೂ ಇವೆ. ಊರಲ್ಲಿ ಉಳಿದ ಮುದುಕರಿಗೆ ಮಗ ಕಳಿಸಿದ ದುಡ್ಡು ಸಿಗುವುದು ಗ್ರಾಹಕ ಸೇವಾ ಕೇಂದ್ರದವನ ಪುಟ್ಟ ಯಂತ್ರದಲ್ಲಿ ಹೆಬ್ಬೆಟ್ಟು ಒತ್ತಿದಾಗ. ಉದ್ಯೋಗ ಖಾತ್ರಿ ಕೆಲಸದ ಹಾಜರಿ 2023ರ ಜನವರಿ 1ರಿಂದ ಎನ್‌ಎಂಎಂಎಸ್ ಆ್ಯಪ್‌ನಲ್ಲೇ ಕಡ್ಡಾಯವಾಯಿತು. ಬೆಳಿಗ್ಗೆ ಒಂದು ಫೋಟೋ, ಮಧ್ಯಾಹ್ನ ಇನ್ನೊಂದು. ಹತ್ತಿ, ತೊಗರಿ ಮಾರುವ ರೈತನಿಗೂ ನೆಟ್ ತಪ್ಪಿದ್ದಲ್ಲ: ಕರ್ನಾಟಕದ ಎಪಿಎಂಸಿಗಳಿಗೆ 2014ರಿಂದ ಆನ್‌ಲೈನ್ ಟೆಂಡರ್ ಕಾಲಿಟ್ಟಿದೆ.

ನ್ಯಾಯಬೆಲೆ ಅಂಗಡಿಯ ಮುಂದೆ ತಿಂಗಳ ಪಾಳಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ಬಂದ ಹೆಣ್ಣುಮಕ್ಕಳು, ಕೂಲಿ ಬಿಟ್ಟು ಬಂದವರು. ಯಂತ್ರದ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ಕೊನೆಗೆ ಅಂಗಡಿಯವನು, "ಸರ್ವರ್ ಬರವಲ್ದು, ನಾಳಿ ಬರ್ರಿ" ಅನ್ನುತ್ತಾನೆ. ಆ ಮಾತಿನ ಹಿಂದೆ ನಿಜಕ್ಕೂ ಏನಾಗಿದೆ ಎಂಬುದು ಅಂಗಡಿಯವನಿಗೂ ಗೊತ್ತಿರುವುದಿಲ್ಲ. ಬೆಂಗಳೂರಿನ ಸರ್ವರ್ ನಿಂತಿರಬಹುದು, ಟವರ್‌ಗೆ ಕರೆಂಟ್ ಇಲ್ಲದಿರಬಹುದು, ರಸ್ತೆ ಅಗೆದು ಫೈಬರ್ ಕತ್ತರಿಸಿರಬಹುದು, ಅಥವಾ ಕೌಂಟರಿನ ಕೆಳಗಿನ ಪೆಟ್ಟಿಗೆಯೇ ಸೋತಿರಬಹುದು. ಈ ಲೇಖನ ಆ ಕೊನೆಯದರ ಬಗ್ಗೆ.

ಆ ಪೆಟ್ಟಿಗೆಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಸ್ವಿಚ್ ಬೋರ್ಡಿನ ಪಕ್ಕದ ಮೊಳೆಗೆ ತೂಗುಹಾಕಿದ ಬಿಳಿ ರೌಟರ್, ಮೇಲೆ ಎರಡು ಆಂಟೆನಾ, ಹತ್ತಿ ಸೀಸನ್ನಿನಲ್ಲಿ ಹಾರುವ ಎಳೆ ಮತ್ತು ಧೂಳು ಸೇರಿ ಕಟ್ಟಿದ ಪದರ. ತಿರುವಿ ಹಿಡಿದರೆ ಬೆನ್ನಿನ ಮೇಲೆ ಒಂದು ಚೀಟಿ: ಮಾದರಿಯ ಸಂಖ್ಯೆ, ಸೀರಿಯಲ್ ನಂಬರ್, 192.168.1.1 ಎಂಬ ವಿಳಾಸ, ಅದರ ಕೆಳಗೆ ಯೂಸರ್‌ನೇಮ್, ಪಾಸ್‌ವರ್ಡ್. ಅಳವಡಿಸಿದ ಹುಡುಗ ವೈ-ಫೈ ಪಾಸ್‌ವರ್ಡನ್ನು ಅಂಗಡಿಯ ಹೆಸರಿಗೆ ಬದಲಿಸಿ ಹೋಗಿರುತ್ತಾನೆ. ಈ ಚೀಟಿಯ ಪಾಸ್‌ವರ್ಡ್ ಹಾಗೇ ಉಳಿದಿರುತ್ತದೆ. ಒಳಗಿನ ತಂತ್ರಾಂಶ, ಅಂದರೆ ಫರ್ಮ್‌ವೇರ್, ಕಾರ್ಖಾನೆಯಿಂದ ಹೊರಟ ದಿನದ್ದೇ.

ವೈ-ಫೈಯ ಡಿಒಎಸ್ ದೋಷಗಳಲ್ಲಿ ಅತ್ಯಂತ ಹಳೆಯದು, ಇಂದಿಗೂ ಅತ್ಯಂತ ಸುಲಭವಾದದ್ದು ಗಾಳಿಯಲ್ಲೇ ಇದೆ. ವೈ-ಫೈಗೆ ಆಧಾರವಾದ 802.11 ಮಾನದಂಡ ಬಂದದ್ದು 1997ರಲ್ಲಿ. ಮೊಬೈಲು ರೌಟರ್‌ಗೆ ಸೇರಿಕೊಳ್ಳುವುದು, ಬಿಡುವುದು, ಇಂಥ ವ್ಯವಹಾರಕ್ಕೆ ಅದರಲ್ಲಿ ಮ್ಯಾನೇಜ್‌ಮೆಂಟ್ ಫ್ರೇಮ್ ಎಂಬ ಚಿಕ್ಕ ಸಂದೇಶಗಳಿವೆ. 'ನಿನ್ನ ಸಂಪರ್ಕ ಮುಗಿಯಿತು, ಹೊರಡು' ಎಂದು ಹೇಳುವ ಡಿಆಥೆಂಟಿಕೇಶನ್ ಫ್ರೇಮ್ ಅವುಗಳಲ್ಲೊಂದು. ಅದನ್ನು ಕಳಿಸಿದವರು ಯಾರು ಎಂದು ಪರೀಕ್ಷಿಸುವ ಏರ್ಪಾಡನ್ನು ಮಾನದಂಡ ಬರೆದವರು ಮಾಡಲೇ ಇಲ್ಲ. ಯಾದಗಿರಿ ಬಸ್ ನಿಲ್ದಾಣದ ಮೈಕನ್ನು ಯಾರೋ ಹಿಡಿದು, ಕಂಟ್ರೋಲರ್ ದನಿಯಲ್ಲಿ 'ಸುರಪುರ ಬಸ್ ಇಲ್ಲ, ಎಲ್ಲರೂ ಇಳೀರಿ' ಎಂದು ಕೂಗಿದರೆ ಜನ ಇಳಿದೇಬಿಡುವಂತೆ, ರೌಟರ್‌ನ ಹೆಸರಿನಲ್ಲಿ ಬಂದ ಸುಳ್ಳು ಸಂದೇಶವನ್ನು ನಂಬಿ ಮೊಬೈಲು ಕಳಚಿಕೊಳ್ಳುತ್ತದೆ. ಮತ್ತೆ ಸೇರುವಷ್ಟರಲ್ಲಿ ಮತ್ತೊಂದು ಸಂದೇಶ. ಇದಕ್ಕೆ ವೈ-ಫೈ ಪಾಸ್‌ವರ್ಡ್ ಗೊತ್ತಿರಬೇಕಾಗಿಲ್ಲ. ಡಬ್ಲ್ಯೂಪಿಎ2 ಗೂಢಲಿಪಿ ಇದ್ದರೂ ಪ್ರಯೋಜನವಿಲ್ಲ, ಏಕೆಂದರೆ ಅದು ಕಾಯುವುದು ಡೇಟಾವನ್ನು, ಈ ಸಂದೇಶಗಳನ್ನಲ್ಲ.

2003ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಶಾಖೆಯ ಜಾನ್ ಬೆಲ್ಲಾರ್ಡೋ ಮತ್ತು ಸ್ಟೀಫನ್ ಸ್ಯಾವೇಜ್ ಇದನ್ನು ಅಂಗೈಯಗಲದ ಕಂಪ್ಯೂಟರಿನಿಂದ ಮಾಡಿ ತೋರಿಸಿದರು. ಅದೇ ಪ್ರಬಂಧದಲ್ಲಿ ಇನ್ನೊಂದು ದೋಷವನ್ನೂ ವಿವರಿಸಿದ್ದಾರೆ. ವೈ-ಫೈ ಸಾಧನ ಮಾತಾಡುವ ಮೊದಲು 'ಇಷ್ಟು ಹೊತ್ತು ಚಾನೆಲ್ ನನಗೆ ಬೇಕು' ಎಂದು ಅವಧಿ ಬರೆದು ಕಳಿಸುತ್ತದೆ, ಉಳಿದವು ಸುಮ್ಮನಿರುತ್ತವೆ. ಅವಧಿಯ ಗರಿಷ್ಠ ಮಿತಿ 32,767 ಮೈಕ್ರೋಸೆಕೆಂಡ್. ಸೆಕೆಂಡಿಗೆ ಮೂವತ್ತು ಸಲ ಆ ಗರಿಷ್ಠ ಅವಧಿ ಕೇಳುತ್ತಾ ಹೋದರೆ ಸುತ್ತಲಿನ ಯಾವ ಸಾಧನಕ್ಕೂ ಬಾಯಿ ಬಿಡಲು ಎಡೆ ಸಿಗುವುದಿಲ್ಲ. ಅಂದಿನ ಹಲವು ಉಪಕರಣಗಳು ಮಾನದಂಡವನ್ನು ಅರೆಬರೆಯಾಗಿ ಪಾಲಿಸುತ್ತಿದ್ದರಿಂದ ಈ ದಾಳಿ ನಿಜ ಜೀವನದಲ್ಲಿ ಪೂರ್ತಿ ಫಲಿಸಲಿಲ್ಲ ಎಂಬುದನ್ನೂ ಅವರು ದಾಖಲಿಸಿದ್ದಾರೆ. ಮಾರನೆಯ ವರ್ಷ, 2004ರ ಮೇ ತಿಂಗಳಲ್ಲಿ, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ತಾಂತ್ರಿಕ ವಿಶ್ವವಿದ್ಯಾಲಯದವರು ಕಂಡುಹಿಡಿದದ್ದು ಇನ್ನೂ ಮೂಲಭೂತವಾದದ್ದು. ಚಾನೆಲ್ ಖಾಲಿ ಇದೆಯೇ ಎಂದು ನೋಡುವ ಕ್ರಿಯೆಯನ್ನೇ ಮೋಸಗೊಳಿಸಿ 802.11ಬಿ ಜಾಲವನ್ನು ಸಾಮಾನ್ಯ ವೈ-ಫೈ ಕಾರ್ಡ್‌ನಿಂದ ಸ್ತಬ್ಧಗೊಳಿಸಬಹುದಿತ್ತು. ಅದು ತಂತ್ರಾಂಶದ ದೋಷವಾಗಿರದೆ ವಿನ್ಯಾಸದ್ದೇ ಆಗಿದ್ದರಿಂದ ತೇಪೆ ಹಚ್ಚಲು ಬರಲಿಲ್ಲ. ಹೊಸ ತಲೆಮಾರಿನ ಉಪಕರಣಗಳು ಬಂದ ಮೇಲಷ್ಟೇ ಆ ದೋಷ ಹಿಂದೆ ಸರಿಯಿತು.

ಕಾವಲೇ ಕಾಟವಾದ ಉದಾಹರಣೆಯೂ ಇದೆ. 2003ರಲ್ಲಿ ಬಂದ ಡಬ್ಲ್ಯೂಪಿಎ ಎಂಬ ವೈ-ಫೈ ರಕ್ಷಣೆಯ ಟಿಕೆಐಪಿ ಪದ್ಧತಿಯಲ್ಲಿ, ಒಂದು ನಿಮಿಷದೊಳಗೆ ಎರಡು ತಿರುಚಿದ ಸಂದೇಶ ಕಂಡರೆ ದಾಳಿ ನಡೆದಿದೆ ಎಂದು ತಿಳಿದು ರೌಟರ್ 60 ಸೆಕೆಂಡ್ ಬಾಗಿಲು ಹಾಕಿಕೊಳ್ಳುತ್ತದೆ. ದಾಳಿಕೋರನಿಗೆ ಬೇಕಾದದ್ದೂ ಅದೇ. ನಿಮಿಷಕ್ಕೆರಡು ಕೆಟ್ಟ ಸಂದೇಶ ಕಳಿಸಿದರೆ ಕೆಲಸ ಮುಗಿಯಿತು.

ಡಿಆಥೆಂಟಿಕೇಶನ್‌ಗೆ ಮದ್ದು ಸಿಕ್ಕಿದ್ದು 2009ರಲ್ಲಿ, 802.11ಡಬ್ಲ್ಯೂ ಎಂಬ ತಿದ್ದುಪಡಿಯ ರೂಪದಲ್ಲಿ. ಸಂಪರ್ಕ ಬಿಡಿಸುವ ಸಂದೇಶಕ್ಕೂ ಗೂಢ ಮುದ್ರೆ ಒತ್ತುವ ವ್ಯವಸ್ಥೆ ಇದು. ಮುದ್ರೆಯಿಲ್ಲದ ಸಂದೇಶವನ್ನು ಮೊಬೈಲು ಕೇಳುವುದಿಲ್ಲ. ಆದರೆ ಅದನ್ನು ಐಚ್ಛಿಕವಾಗಿ ಬಿಟ್ಟರು. ಬಹುಪಾಲು ಕಂಪನಿಗಳು ಅಗ್ಗದ ರೌಟರ್‌ಗಳಲ್ಲಿ ಅದನ್ನು ಕೊಡಲಿಲ್ಲ, ಕೊಟ್ಟವರೂ ಆಫ್ ಮಾಡಿಟ್ಟು ಮಾರಿದರು. 2018ರ ಜೂನ್‌ನಲ್ಲಿ ಡಬ್ಲ್ಯೂಪಿಎ3 ಬಂದಾಗ ಅದು ಕಡ್ಡಾಯವಾಯಿತು. ವೈ-ಫೈ ಅಲಯನ್ಸ್‌ನ ಪ್ರಮಾಣಪತ್ರ ಬೇಕಾದ ಹೊಸ ಉಪಕರಣಕ್ಕೆ ಡಬ್ಲ್ಯೂಪಿಎ3 ಕಡ್ಡಾಯವಾದದ್ದು 2020ರ ಜುಲೈಯಲ್ಲಿ. ದೋಷ ಜಗಜ್ಜಾಹೀರಾದ ದಿನದಿಂದ ಹದಿನೇಳು ವರ್ಷ. ಈ ವಿಳಂಬಕ್ಕೆ ತಾಂತ್ರಿಕ ಸಮರ್ಥನೆ ನನಗಂತೂ ಕಾಣುವುದಿಲ್ಲ.

ಡಬ್ಲ್ಯೂಪಿಎ3 ಬಂದ ಮೇಲೂ ನಿಶ್ಚಿಂತೆಯಿಲ್ಲ. 2019ರ ಏಪ್ರಿಲ್‌ನಲ್ಲಿ ಮ್ಯಾಥಿ ವ್ಯಾನ್‌ಹೂಫ್ ಮತ್ತು ಏಯಲ್ ರೋನೆನ್ 'ಡ್ರ್ಯಾಗನ್‌ಬ್ಲಡ್' ಎಂಬ ಹೆಸರಿನಲ್ಲಿ ಅದರ ದೋಷಗಳನ್ನು ಪ್ರಕಟಿಸಿದರು. ಸಂಪರ್ಕ ಕೂಡುವಾಗ ಸಾಧನ ಮತ್ತು ರೌಟರ್ ನಡೆಸುವ ಹೊಸ ಕೈಕುಲುಕುವಿಕೆಯ (ಹ್ಯಾಂಡ್‌ಶೇಕ್) ಲೆಕ್ಕಾಚಾರ ಭಾರವಾದದ್ದು. ಸೆಕೆಂಡಿಗೆ ಬರೀ 16 ನಕಲಿ ಕೋರಿಕೆ ಕಳಿಸಿದರೂ ರೌಟರ್‌ನ ಪ್ರೊಸೆಸರ್ ಸುಸ್ತಾಗಬಹುದು ಎಂದು ತೋರಿಸಿದರು. ಇದೇ ವ್ಯಾನ್‌ಹೂಫ್ 2014ರಲ್ಲೇ, ಸಾವಿರ ರೂಪಾಯಿಯ ಆಸುಪಾಸಿನ ಯುಎಸ್‌ಬಿ ವೈ-ಫೈ ಡಾಂಗಲ್‌ನಿಂದ ಚಾನೆಲನ್ನೇ ಮುಚ್ಚಿಹಾಕುವುದು ಸಾಧ್ಯವೆಂದು ಸಹೋದ್ಯೋಗಿಯೊಂದಿಗೆ ತೋರಿಸಿದ್ದರು. ರೇಡಿಯೊ ಅಲೆಯನ್ನು ಗದ್ದಲದಿಂದ ಮುಳುಗಿಸುವ ಜ್ಯಾಮಿಂಗ್‌ಗೆ ಯಾವ ತಂತ್ರಾಂಶವೂ ಪೂರ್ತಿ ಪರಿಹಾರ ಕೊಡಲಾರದು.

ಗಾಳಿಯ ದಾಳಿಗೆ ಒಂದು ಮಿತಿ ಇದೆ: ದಾಳಿಕೋರ ಹತ್ತಿರವೇ ಇರಬೇಕು. ಪೆಟ್ಟಿಗೆಯ ಒಳಗಿನ ತಂತ್ರಾಂಶದ ದೋಷಗಳಿಗೆ ಆ ಮಿತಿ ಯಾವಾಗಲೂ ಇರುವುದಿಲ್ಲ, ಹಾಗಾಗಿ ಅವೇ ಹೆಚ್ಚು ಅಪಾಯ. ತಪ್ಪು ಅಳತೆಯ ಡೇಟಾ ಪೊಟ್ಟಣವೊಂದು (ಪ್ಯಾಕೆಟ್) ಬಂದರೆ ಅದನ್ನು ಬಿಚ್ಚಲು ಹೋಗಿ ತಂತ್ರಾಂಶ ಮುಗ್ಗರಿಸುತ್ತದೆ, ಉಪಕರಣ ರೀಬೂಟ್ ಆಗುತ್ತದೆ. ಅದು ಎದ್ದ ತಕ್ಷಣ ಮತ್ತೊಂದು ಪೊಟ್ಟಣ. ದುಬಾರಿ ಉಪಕರಣಗಳೂ ಇದಕ್ಕೆ ಹೊರತಲ್ಲ. 2019ರ ಅಕ್ಟೋಬರ್‌ನಲ್ಲಿ ಸಿಸ್ಕೊ ತನ್ನ ಏರೊನೆಟ್ ಆ್ಯಕ್ಸೆಸ್ ಪಾಯಿಂಟ್‌ಗಳ ಇಂಥ ದೋಷಗಳನ್ನು ತಾನೇ ಪ್ರಕಟಿಸಿ ಪ್ಯಾಚ್, ಅಂದರೆ ತಂತ್ರಾಂಶದ ತೇಪೆ, ಕೊಟ್ಟಿತು. ಸಿವಿಇ-2019-15261 ಎಂಬ ಸಂಖ್ಯೆಯ ದೋಷದಲ್ಲಿ, ಲಾಗಿನ್ ಆಗದ ಹೊರಗಿನವನೊಬ್ಬ ಪಿಪಿಟಿಪಿ ಎಂಬ ವಿಪಿಎನ್ ಪದ್ಧತಿಯ ಪೊಟ್ಟಣಗಳನ್ನು ಕಳಿಸಿ ಇಡೀ ಉಪಕರಣವನ್ನು ಮರುಚಾಲನೆಗೆ ತಳ್ಳಬಹುದಿತ್ತು. 2022ರ ಅಕ್ಟೋಬರ್‌ನಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್ ತಾಂತ್ರಿಕ ವಿಶ್ವವಿದ್ಯಾಲಯದ ಸೋನ್ಕೆ ಹುಸ್ಟರ್ ಹುಡುಕಿದ ದೋಷಗಳು ಲಿನಕ್ಸ್ ಕರ್ನೆಲ್‌ನ ವೈ-ಫೈ ಭಾಗದಲ್ಲೇ ಇದ್ದವು. ಸುತ್ತಲಿನ ಜಾಲಗಳನ್ನು ಹುಡುಕುತ್ತಿರುವ ಸಾಧನಕ್ಕೆ ವಿಕಾರವಾದ ಬೀಕನ್, ಅಂದರೆ ಜಾಲದ ಇರವನ್ನು ಸಾರುವ ಸಂದೇಶ, ಸಿಕ್ಕರೆ ಅದು ಕುಸಿಯುವ ಸಾಧ್ಯತೆಯಿತ್ತು. ಜಗತ್ತಿನ ಬಹುಪಾಲು ರೌಟರ್‌ಗಳ ಹೊಟ್ಟೆಯಲ್ಲಿರುವುದು ಲಿನಕ್ಸೇ.

ಪ್ಯಾಚ್ ಬರುವುದು ಬೇರೆ, ಅದು ನಮ್ಮ ಪೆಟ್ಟಿಗೆಗೆ ತಲುಪುವುದು ಬೇರೆ. 2014ರ ಡಿಸೆಂಬರ್‌ನಲ್ಲಿ ಚೆಕ್ ಪಾಯಿಂಟ್ ಸಂಸ್ಥೆ 'ಮಿಸ್‌ಫಾರ್ಚೂನ್ ಕುಕಿ' ಎಂಬ ದೋಷವನ್ನು 189 ದೇಶಗಳ ಸುಮಾರು 1.2 ಕೋಟಿ ಮನೆ-ಅಂಗಡಿ ರೌಟರ್‌ಗಳಲ್ಲಿ ಕಂಡಿತು. ಆ ತಂತ್ರಾಂಶದ ಮೂಲ ಕಂಪನಿ ದೋಷವನ್ನು 2005ರಲ್ಲೇ ಸರಿಪಡಿಸಿತ್ತು. ಚಿಪ್ ಮಾಡುವವರು ಹಳೆಯದನ್ನೇ ಕೊಟ್ಟರು, ರೌಟರ್ ಮಾಡುವವರು ಅದನ್ನೇ ತುಂಬಿದರು, ಮಾರುವವರು ಕೇಳಲಿಲ್ಲ, ಅಳವಡಿಸುವವನಿಗೆ ಗೊತ್ತಿರಲಿಲ್ಲ. ಈ ಸರಪಳಿಯ ತುದಿಯಲ್ಲಿ ನಿಂತಿರುವವರು ಶಹಾಪುರದ ಅಂಗಡಿಯವನು, ಸುರಪುರ ತಾಲ್ಲೂಕಿನ ಗ್ರಾಮ ಪಂಚಾಯಿತಿಯ ಡೇಟಾ ಎಂಟ್ರಿ ಆಪರೇಟರ್.

ನಮ್ಮ ಸೀಮೆಗೆ ನೇರವಾಗಿ ಅನ್ವಯಿಸುವ ಇನ್ನೊಂದು ಪ್ರಕರಣವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. 2.4 ಗಿಗಾಹರ್ಟ್ಸ್ ತರಂಗವನ್ನು ಭಾರತ 2005ರ ಜನವರಿಯಲ್ಲಿ ಪರವಾನಗಿಯಿಂದ ಮುಕ್ತ ಮಾಡಿತು. 5 ಗಿಗಾಹರ್ಟ್ಸ್‌ನಲ್ಲಿ 605 ಮೆಗಾಹರ್ಟ್ಸ್ ಅಗಲದ ಪಟ್ಟಿಯನ್ನು ಮನೆಯೊಳಗೂ ಹೊರಗೂ ಬಳಸಲು 2018ರ ಅಕ್ಟೋಬರ್‌ನಲ್ಲಿ ಬಿಟ್ಟುಕೊಟ್ಟಿತು. ಫೈಬರ್ ತಲುಪದ ಕಡೆ ಸ್ಥಳೀಯ ಕೇಬಲ್ ಆಪರೇಟರ್‌ಗಳಿಗೆ ಇದು ವರವಾಯಿತು. ಎತ್ತರದ ಕಟ್ಟಡದ ಮೇಲೊಂದು ಬಿಳಿ ಡಿಶ್, ಎದುರಿನ ಊರಲ್ಲಿ ಇನ್ನೊಂದು. ನಡುವೆ ಬೆಟ್ಟ ಅಡ್ಡ ಬರದಿದ್ದರೆ ಹತ್ತಾರು ಕಿಲೋಮೀಟರ್ ದಾಟಿ ನೆಟ್ ಹೋಗುತ್ತದೆ. ಶಹಾಪುರ, ಸುರಪುರದಂಥ ಬೆಟ್ಟಗಳ ಊರಿನಲ್ಲಿ ಎತ್ತರದ ಜಾಗ ಸಿಕ್ಕರೆ ಅನುಕೂಲ, ಬೆಟ್ಟದ ಮರೆಯ ಹಳ್ಳಿಗೆ ನಡುವೆ ಇನ್ನೊಂದು ಕಂಬ ಬೇಕು. ಇಂಥ ಡಿಶ್‌ಗಳನ್ನು ತಯಾರಿಸುವ ದೊಡ್ಡ ಕಂಪನಿಗಳಲ್ಲಿ ಯುಬಿಕ್ವಿಟಿ ಒಂದು. ಅದರ ಏರ್‌ಒಎಸ್ ತಂತ್ರಾಂಶದಲ್ಲಿ, ಲಾಗಿನ್ ಇಲ್ಲದೆ ಒಳಗೆ ಫೈಲು ತುರುಕಬಹುದಾದ ದೋಷವಿತ್ತು. ಕಂಪನಿ 2015ರ ಜುಲೈಯಲ್ಲೇ ಅದಕ್ಕೆ ಪ್ಯಾಚ್ ಕೊಟ್ಟಿತ್ತು. 2016ರ ಮೇ ತಿಂಗಳಲ್ಲಿ ಪ್ಯಾಚ್ ಹಾಕದ ಡಿಶ್‌ಗಳನ್ನು ಹುಡುಕಿಕೊಂಡು ಒಂದು ಹುಳು ಹೊರಟಿತು. ಡಿಶ್‌ನಿಂದ ಡಿಶ್‌ಗೆ ತಾನೇ ಹರಡಿ, ಕೆಲವು ಗಂಟೆಗಳ ನಂತರ ಉಪಕರಣವನ್ನು ಕಾರ್ಖಾನೆಯ ಸ್ಥಿತಿಗೆ ಮರಳಿಸಿತು. ಅರ್ಜೆಂಟೀನಾ, ಬ್ರೆಜಿಲ್, ಸ್ಪೇನ್, ಅಮೆರಿಕಗಳ ವೈರ್‌ಲೆಸ್ ಇಂಟರ್‌ನೆಟ್ ಕಂಪನಿಗಳು ತತ್ತರಿಸಿದವು. ಸೆಟ್ಟಿಂಗ್ ಅಳಿಸಿಹೋದ ಡಿಶ್‌ಗೆ ತನ್ನ ಜೋಡಿ ಯಾವುದೆಂದೇ ಗೊತ್ತಿರುವುದಿಲ್ಲ. ದೂರದಿಂದ ಸರಿಪಡಿಸಲೂ ಬಾರದು, ಏಕೆಂದರೆ ದೂರದಿಂದ ತಲುಪುವ ದಾರಿಯೇ ಆ ಡಿಶ್. ಒಂದೊಂದು ಕಂಬವನ್ನೂ ಹತ್ತಬೇಕು. ನಾರಾಯಣಪುರ ಕಾಲುವೆಯ ಕೆಳಗಿನ ಹಳ್ಳಿಗಳಲ್ಲಿ ಅಂಥ ಇಪ್ಪತ್ತು ಕಂಬಗಳನ್ನು ಒಬ್ಬ ಆಪರೇಟರ್, ಇಬ್ಬರು ಹುಡುಗರು ಹತ್ತಿ ಮುಗಿಸಲು ಎಷ್ಟು ದಿನ ಬೇಕು ಎಂದು ಊಹಿಸಿಕೊಳ್ಳಿ. ಮೈಕ್ರೊಟಿಕ್ ಕಂಪನಿಯ ರೌಟರ್‌ಗಳಲ್ಲೂ 2019ರಲ್ಲಿ ಐಪಿವಿ6 ಪೊಟ್ಟಣಗಳಿಂದ ಮೆಮೊರಿ ತುಂಬಿ ಕುಸಿಯುವ ದೋಷ ಬಹಿರಂಗವಾಗಿ, ಪ್ಯಾಚ್ ಬಂತು.

ಪೂರೈಕೆದಾರನ ಇಡೀ ಜಾಲವೇ ಬಿದ್ದ ಪ್ರಸಂಗಗಳು ಹೊರದೇಶದಲ್ಲಿ ಸಾಕಷ್ಟಿವೆ. 2016ರ ನವೆಂಬರ್ 27ರಂದು ಜರ್ಮನಿಯ ಡಾಯ್ಚ ಟೆಲಿಕಾಂನ ಸುಮಾರು 9 ಲಕ್ಷ ಗ್ರಾಹಕರ ರೌಟರ್‌ಗಳು ನಿಂತವು. ಮಿರಾಯ್ ಎಂಬ ಕುಖ್ಯಾತ ತಂತ್ರಾಂಶದ ಒಂದು ರೂಪ, ಕಂಪನಿಗಳು ದೂರದಿಂದ ರೌಟರ್ ನಿರ್ವಹಿಸಲು ತೆರೆದಿಡುವ 7547ನೇ ಪೋರ್ಟ್‌ನಲ್ಲಿ ನುಗ್ಗಲು ನೋಡಿತ್ತು. ಆ ರೌಟರ್‌ಗಳಿಗೆ ಸೋಂಕು ತಗುಲಲೇ ಇಲ್ಲ. ನುಗ್ಗಲು ಬಂದವರ ನೂಕುನುಗ್ಗಲನ್ನೇ ತಾಳಲಾರದೆ ಅವು ಕುಸಿದವು. 2022ರ ಫೆಬ್ರವರಿ 24ರಂದು, ಯುಕ್ರೇನ್ ಮೇಲೆ ರಷ್ಯಾ ದಂಡೆತ್ತಿದ ಬೆಳಗಿನ ಜಾವ, ವಯಾಸ್ಯಾಟ್‌ನ ಉಪಗ್ರಹ ಮೋಡೆಮ್‌ಗಳ ಮೆಮೊರಿ ಅಳಿಸಲಾಯಿತು. ಅದರ ಪರಿಣಾಮವಾಗಿ ಜರ್ಮನಿಯ 5,800 ಗಾಳಿಯಂತ್ರಗಳ ದೂರ ನಿಗಾ ಕಡಿದುಹೋಯಿತು. 2023ರ ಅಕ್ಟೋಬರ್‌ನಲ್ಲಿ ಅಮೆರಿಕದ ಒಂದೇ ಕಂಪನಿಯ 6 ಲಕ್ಷ ರೌಟರ್‌ಗಳು ಮೂರು ದಿನಗಳೊಳಗೆ ಸತ್ತವು. ಅವನ್ನು ಬದಲಿಸಿ ಕೊಡುವುದಲ್ಲದೆ ಬೇರೆ ದಾರಿ ಇರಲಿಲ್ಲ.

ಮೊಬೈಲ್ ಟವರ್‌ಗಳ ಕಡೆಗೂ ಒಂದು ನೋಟ ಬೇಕು, ಏಕೆಂದರೆ ನಮ್ಮ ಹಳ್ಳಿಗಳ ನೆಟ್ ಬಹುಪಾಲು ಅದೇ. ಅಲ್ತಾಫ್ ಶೇಕ್, ರವಿಶಂಕರ್ ಬೋರ್‌ಗಾಂವ್‌ಕರ್ ಮತ್ತು ಸಂಗಡಿಗರು 2016ರಲ್ಲಿ ಮಂಡಿಸಿದ ಪ್ರಬಂಧದ ಪ್ರಕಾರ, 4ಜಿ ಮಾನದಂಡದಲ್ಲಿ 'ನಿನಗಿಲ್ಲಿ ಸೇವೆಯಿಲ್ಲ' ಎನ್ನುವ ಕೆಲವು ಸಂದೇಶಗಳನ್ನು ಫೋನು ದೃಢೀಕರಣವಿಲ್ಲದೆ ಒಪ್ಪಿಕೊಳ್ಳುತ್ತದೆ. ನಕಲಿ ಟವರ್ ಒಂದು ಫೋನನ್ನು ರೀಬೂಟ್ ಮಾಡುವವರೆಗೆ ಜಾಲದಿಂದ ಹೊರಗಿಡಬಹುದು. 2023ರ ಡಿಸೆಂಬರ್‌ನಲ್ಲಿ ಸಿಂಗಪುರದ ಸಂಶೋಧಕರು '5ಘೂಲ್' ಹೆಸರಿನಲ್ಲಿ ಪ್ರಕಟಿಸಿದ ದೋಷಗಳು ಕ್ವಾಲ್‌ಕಾಮ್ ಮತ್ತು ಮೀಡಿಯಾಟೆಕ್ ಮೋಡೆಮ್‌ಗಳದ್ದು. ಅವುಗಳಿಗೆ ತುತ್ತಾಗಬಲ್ಲ ಫೋನ್ ಮಾದರಿಗಳು 700ಕ್ಕೂ ಹೆಚ್ಚು. ಆದರೆ ನಕಲಿ ಟವರ್ ಕಟ್ಟಲು ದುಡ್ಡೂ ವಿದ್ಯೆಯೂ ಬೇಕು. ನಮ್ಮ ತಾಲ್ಲೂಕುಗಳಿಗೆ ಸದ್ಯದ ಚಿಂತೆ ಇದಲ್ಲ.

ನಮಗೆ ಚಿಂತೆಯಾಗಬೇಕಾದದ್ದು ಅಗ್ಗದ್ದು. ಕೆಲವೇ ನೂರು ರೂಪಾಯಿಯ, ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಸರ್ಕ್ಯೂಟ್ ಬೋರ್ಡ್‌ಗಳಿಂದ 2.4 ಗಿಗಾಹರ್ಟ್ಸ್ ವೈ-ಫೈ ಕಡಿಯುವುದನ್ನು ತೋರಿಸುವ ವಿಡಿಯೊಗಳು ಯಾವ ಹುಡುಗನ ಮೊಬೈಲಿನಲ್ಲೂ ಸಿಗುತ್ತವೆ. ಹಾಸ್ಟೆಲ್‌ನಲ್ಲಿ ಹುಡುಗಾಟಕ್ಕೆ ಶುರುವಾದದ್ದು ಪಕ್ಕದ ಸೇವಾ ಕೇಂದ್ರದ ಕೆಲಸ ನಿಲ್ಲಿಸಿದರೆ ಅದು ಅಪರಾಧ, ಹುಡುಗರಿಗೆ ಇದನ್ನು ಯಾರಾದರೂ ಹೇಳಬೇಕು. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಕಲಂ 43, ಜಾಲಕ್ಕೆ ಅಡ್ಡಿಪಡಿಸುವುದನ್ನೂ ಅಧಿಕೃತ ಬಳಕೆದಾರನಿಗೆ ಪ್ರವೇಶ ತಪ್ಪಿಸುವುದನ್ನೂ ಸ್ಪಷ್ಟವಾಗಿ ಹೆಸರಿಸುತ್ತದೆ. ಕಲಂ 66ರಡಿ ಮೂರು ವರ್ಷದವರೆಗೆ ಜೈಲು ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸರ್ಕಾರದ ಅನುಮತಿಯಿಲ್ಲದೆ ಜ್ಯಾಮರ್ ಕೊಳ್ಳುವುದು, ಬಳಸುವುದು ಕಾನೂನುಬಾಹಿರ ಎಂದು ದೂರಸಂಪರ್ಕ ಇಲಾಖೆ 2022ರ ಜುಲೈಯಲ್ಲಿ ಮತ್ತೊಮ್ಮೆ ಎಚ್ಚರಿಸಿತು. ಪರೀಕ್ಷಾ ಕೇಂದ್ರಕ್ಕೆ ಸ್ವಂತ ಬುದ್ಧಿಯಿಂದ ಜ್ಯಾಮರ್ ತರಿಸುವ ಖಾಸಗಿ ಕಾಲೇಜಿಗೂ ಇದು ಅನ್ವಯ. ದೊಡ್ಡವರಿಗೂ ಶಿಕ್ಷೆಯಾದ ನಿದರ್ಶನವಿದೆ. ಅಮೆರಿಕದ ನ್ಯಾಶ್‌ವಿಲ್‌ನ ಹೋಟೆಲಿನಲ್ಲಿ ಅತಿಥಿಗಳ ಸ್ವಂತ ಹಾಟ್‌ಸ್ಪಾಟ್‌ಗಳನ್ನು ಡಿಆಥೆಂಟಿಕೇಶನ್ ಸಂದೇಶಗಳಿಂದ ಕಡಿದು, ಹೋಟೆಲಿನ ದುಬಾರಿ ವೈ-ಫೈ ಕೊಳ್ಳುವಂತೆ ಮಾಡಿದ್ದಕ್ಕೆ ಮ್ಯಾರಿಯಟ್ ಕಂಪನಿ 2014ರಲ್ಲಿ 6 ಲಕ್ಷ ಡಾಲರ್ ದಂಡ ತೆತ್ತಿತು.

ನೆಟ್ ನಿಂತಾಗಲೆಲ್ಲ ದಾಳಿ ಎಂದುಕೊಳ್ಳುವುದೂ ತಪ್ಪು. 2023ರ ಜೂನ್-ಜುಲೈಯಲ್ಲಿ ಗೃಹಜ್ಯೋತಿ, ಗೃಹಲಕ್ಷ್ಮಿ ಯೋಜನೆಗಳ ನೋಂದಣಿ ಶುರುವಾದಾಗ ರಾಜ್ಯ ಸರ್ಕಾರದ ಸೇವಾ ಸಿಂಧು ಪೋರ್ಟಲ್ ಏದುಸಿರು ಬಿಟ್ಟಿತು. ಹ್ಯಾಕ್ ಆಗಿದೆ ಎಂಬ ಮಾತು ರಾಜಕೀಯ ವಲಯದಲ್ಲೂ ಕೇಳಿಬಂತು. ರಾಜ್ಯದ ಉದ್ದಗಲದ ಜನ ಒಟ್ಟಿಗೆ ಬಂದರೆ ಸರ್ವರ್ ಬಾಗುವುದಕ್ಕೆ ಹ್ಯಾಕರ್ ಬೇಕಿಲ್ಲ. ಊರಿನ ಮಟ್ಟದಲ್ಲೂ ಹಾಗೇ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಬಜಾರಿನ ಒಂದೇ ಸಾಲಿನಲ್ಲಿ ಮೂವತ್ತು ರೌಟರ್ ಇದ್ದರೆ ಅವು ತಾವೇ ಪರಸ್ಪರ ಕಾಲೆಳೆಯುತ್ತವೆ. ಬೇಸಿಗೆಯ 42-43 ಡಿಗ್ರಿ ಬಿಸಿಲಿಗೆ ತಗಡಿನ ಸೂರಿನ ಕೆಳಗಿನ ಅಡಾಪ್ಟರ್ ಕೈಕೊಡುತ್ತದೆ, ಮಳೆಗಾಲದ ಸಿಡಿಲಿಗೆ ಪೋರ್ಟ್ ಸುಡುತ್ತದೆ.

ದಾಳಿಯನ್ನು ಗುರುತಿಸಲು ಕೆಲವು ಒರಟು ಗುರುತುಗಳಿವೆ. ಕೇಬಲ್ ಹಾಕಿದ ಕಂಪ್ಯೂಟರಿನಲ್ಲಿ ನೆಟ್ ಬರುತ್ತಿದ್ದು ವೈ-ಫೈ ಸಾಧನಗಳೆಲ್ಲ ಒಟ್ಟಿಗೇ ಕಳಚುತ್ತಿದ್ದರೆ ತೊಂದರೆ ಗಾಳಿಯಲ್ಲಿದೆ. ರೌಟರ್‌ನ ಲಾಗ್‌ನಲ್ಲಿ ಡಿಆಥೆಂಟಿಕೇಶನ್ ಎಂಬ ಸಾಲು ಒಂದೇ ನಿಮಿಷದಲ್ಲಿ ನೂರಾರು ಸಲ, ಅದೂ ಒಂದೇ ಕಾರಣ ಸಂಖ್ಯೆಯೊಂದಿಗೆ ಬಂದಿದ್ದರೆ ಅನುಮಾನ ಗಟ್ಟಿ. 5 ಗಿಗಾಹರ್ಟ್ಸ್‌ಗೆ ಬದಲಾಯಿಸಿದ ಕೂಡಲೇ ಸರಿಹೋದರೆ ಪಕ್ಕದಲ್ಲೇ ಯಾರದೋ ಅಗ್ಗದ ಬೋರ್ಡ್ ಇರಬಹುದು, ಬರೀ ಚಾನೆಲ್ ದಟ್ಟಣೆಯೂ ಇರಬಹುದು. ರೌಟರ್ ತನ್ನಷ್ಟಕ್ಕೆ ಪದೇ ಪದೇ ರೀಬೂಟ್ ಆಗುತ್ತಿದ್ದರೆ ಮೊದಲು ಅಡಾಪ್ಟರ್ ಬದಲಿಸಿ ನೋಡಿ, ಆಮೇಲೆ ಫರ್ಮ್‌ವೇರ್. ಲಾಗ್‌ನ ಫೋಟೋ ತೆಗೆದಿಟ್ಟುಕೊಂಡರೆ ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ದೂರು ಕೊಡುವಾಗ ಮಾತಿಗೆ ತೂಕ ಬರುತ್ತದೆ. ಸಂಸ್ಥೆಗಳಿಗೆ ಇನ್ನೊಂದು ಹೊಣೆಯೂ ಇದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ಡಿಒಎಸ್ ದಾಳಿಯನ್ನು ಗೊತ್ತಾದ ಆರು ಗಂಟೆಯೊಳಗೆ ವರದಿ ಮಾಡಬೇಕು. ಲಾಗ್ ನೋಡುವವರೇ ಇಲ್ಲದ ಕಚೇರಿಯಲ್ಲಿ ಆ ಆರು ಗಂಟೆಯ ಗಡಿಯಾರ ಶುರುವಾಗುವುದೇ ಇಲ್ಲ.

ಹೊಣೆಯನ್ನೆಲ್ಲ ಬಳಕೆದಾರನ ತಲೆಗೆ ಕಟ್ಟುವುದು ಅನ್ಯಾಯ ಎಂಬುದು ನನ್ನ ಖಚಿತ ಅಭಿಪ್ರಾಯ. 2017ರಲ್ಲಿ 'ಪಾಸ್‌ವರ್ಡ್ ಬದಲಿಸಿಕೊಳ್ಳಿ' ಎಂಬ ಸಲಹೆ ಹೊರಟದ್ದು ಮೋಡೆಮ್ ಸತ್ತ ಮೇಲೆ. ಅರ್ಧದಷ್ಟು ಜನರಿಗೆ ಓದು ಬಾರದ ಜಿಲ್ಲೆಯಲ್ಲಿ, ಇಂಗ್ಲಿಷ್ ಮೆನುವಿನ ಮೂರನೇ ಪುಟದಲ್ಲಿರುವ ಆಯ್ಕೆಯನ್ನು ಗ್ರಾಹಕನೇ ಹುಡುಕಿ ಸರಿಪಡಿಸಲಿ ಎನ್ನುವುದು ಭದ್ರತೆಯ ನೀತಿಯಾಗಲಾರದು. ಉಪಕರಣ ಪೆಟ್ಟಿಗೆಯಿಂದ ಹೊರಬರುವಾಗಲೇ ಭದ್ರವಾಗಿರಬೇಕು. ದೂರಸಂಪರ್ಕ ಉಪಕರಣಗಳ ಭದ್ರತಾ ಮಾನದಂಡ ಬರೆಯುವ ರಾಷ್ಟ್ರೀಯ ಸಂವಹನ ಭದ್ರತಾ ಕೇಂದ್ರ, ಎನ್‌ಸಿಸಿಎಸ್, ಇರುವುದು ಬೆಂಗಳೂರಿನಲ್ಲೇ. ಮನೆ-ಕಚೇರಿಗಳ ವೈ-ಫೈ ಉಪಕರಣಕ್ಕೂ ಅದು ಮಾನದಂಡ ರೂಪಿಸಿದೆ. ಅದು ಹೊಸ ಉಪಕರಣಕ್ಕಾಯಿತು. ಈಗಾಗಲೇ ಮೊಳೆಗೆ ನೇತಾಡುತ್ತಿರುವ ಹಳೆಯ ಪೆಟ್ಟಿಗೆಗಳ ಲೆಕ್ಕ ತೆಗೆಯಬೇಕಾದವರು ಜಿಲ್ಲಾಡಳಿತ ಮತ್ತು ಸೇವೆ ಕೊಡುವ ಕಂಪನಿಗಳು.

ಜಿಲ್ಲಾ ಪಂಚಾಯಿತಿ, ಆಹಾರ ಇಲಾಖೆಗಳ ಟೆಂಡರ್ ಬರೆಯುವವರಿಗೆ ಹೇಳಬೇಕಾದದ್ದು ಬಹಳವಿಲ್ಲ. ಡಬ್ಲ್ಯೂಪಿಎ3 ಇಲ್ಲದ, ಮ್ಯಾನೇಜ್‌ಮೆಂಟ್ ಫ್ರೇಮ್ ರಕ್ಷಣೆ ಇಲ್ಲದ ರೌಟರ್ ಕೊಳ್ಳಬೇಡಿ. ಫರ್ಮ್‌ವೇರ್ ಅಪ್‌ಡೇಟ್ ಯಾವ ವರ್ಷದವರೆಗೆ ಸಿಗುತ್ತದೆ ಎಂಬುದನ್ನು ಬರಹದಲ್ಲಿ ಕೇಳಿ. ರೇಷನ್, ಪಿಂಚಣಿ, ಆಸ್ಪತ್ರೆಯ ಚೀಟಿ ಕೊಡುವ ಕೌಂಟರ್‌ಗೆ ವೈ-ಫೈ ಬೇಡ, ನೂರು ರೂಪಾಯಿಯ ಲ್ಯಾನ್ ಕೇಬಲ್ ಎಳೆಯಿರಿ. ಆ ಕೌಂಟರಿಗೆ ವೈ-ಫೈ ದೋಷಗಳ ಕಾಟ ಅಲ್ಲಿಗೇ ಮುಗಿಯುತ್ತದೆ. ಬೇರೆ ಕಂಪನಿಯ ಸಿಮ್ ಇರುವ ಎರಡನೇ ದಾರಿಯೊಂದು ಸಿದ್ಧವಿರಲಿ. ಕೇಬಲ್ ಆಪರೇಟರ್‌ಗಳು ಡಿಶ್‌ಗಳ ನಿರ್ವಹಣಾ ಪುಟವನ್ನು ಹೊರಗಿನ ಇಂಟರ್‌ನೆಟ್‌ಗೆ ತೆರೆದಿಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ನೆಟ್ ಬಾರದ ದಿನ ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಅಕ್ಕಿ ಕೊಡುವ ಅಧಿಕಾರ ನ್ಯಾಯಬೆಲೆ ಅಂಗಡಿಗೆ ಲಿಖಿತವಾಗಿ ಇರಬೇಕು, ಅದು ಇದೆ ಎಂದು ಪಾಳಿಯಲ್ಲಿ ನಿಂತವರಿಗೂ ಗೊತ್ತಿರಬೇಕು. ಯಾವ ಗೂಢಲಿಪಿಯೂ ಕೊಡಲಾರದ ಭದ್ರತೆ ಅದು.

ಯಾದಗಿರಿಯಲ್ಲೋ ಶಹಾಪುರದಲ್ಲೋ ಸುರಪುರದಲ್ಲೋ ಅಂಗಡಿ, ಕಚೇರಿ, ಶಾಲೆ ನಡೆಸುವ ಓದುಗರಲ್ಲಿ ಒಂದು ವಿನಂತಿ. ಈ ವಾರ ನಿಮ್ಮ ರೌಟರನ್ನು ಕೆಳಗಿಳಿಸಿ, ಬೆನ್ನ ಮೇಲಿನ ಚೀಟಿ ನೋಡಿ. ಅದರ ಮೇಲಿರುವ ಅಡ್ಮಿನ್ ಪಾಸ್‌ವರ್ಡ್ ಇನ್ನೂ ನಡೆಯುತ್ತಿದ್ದರೆ ಇಂದೇ ಬದಲಿಸಿ. ಅಳವಡಿಸಿದ ಹುಡುಗನನ್ನು ಕರೆದು ಫರ್ಮ್‌ವೇರ್ ಅಪ್‌ಡೇಟ್ ಮಾಡಿಸಿ, ಹೊರಗಿನಿಂದ ನಿರ್ವಹಿಸುವ ಆಯ್ಕೆ ಆನ್ ಇದ್ದರೆ ಆಫ್ ಮಾಡಿಸಿ. ಅಪ್‌ಡೇಟ್ ಬರುವುದು ನಿಂತಿದೆ ಎಂದು ಅವನು ಹೇಳಿದರೆ ಆ ಪೆಟ್ಟಿಗೆಯನ್ನು ಬದಲಿಸಿ.